ದೊಡ್ಡ ಲಾಡ್ಜಿನ ಮ್ಯಾನೇಜರು

ಅವರ ಬಲಗೈಗೆ ಮೂರೇ ಬೆರಳು. ಉಳಿದೆರಡು ಹರೆಯದಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕು ಹೋಗಿದ್ದವಂತೆ. ಆ ಮೂರರಲ್ಲೇ ಒದ್ದೆಬಟ್ಟೆ ಹಿಡಿದು, ಸಾಗವಾನಿ ಮೆಟ್ಟಿಲಿನ ಕಟಕಟೆಯನ್ನು ದಿನಾ ಬೆಳಗ್ಗೆ ತಾವೇ ಒರೆಸುತ್ತಿದ್ದರು. "ಸಂಡೂರಿನ ಗುಡ್ಡ ಎಲ್ಲಾ ನಮ್ಮ ಲಾಡ್ಜಿಗೇ ಬಂದು ಇಳದೈತಿ ನೋಡ್ರಿ" ಎಂದು ಅದಿರಿನ ಧೂಳಿಗೆ ಕೆಂಪಾದ ನೀರು ತೋರಿಸುತ್ತಿದ್ದರು. ಹೊಸಪೇಟೆ ಬಸ್‌ಸ್ಟ್ಯಾಂಡಿನ ಗದ್ದಲದ ನಡುವೆ ನಿಂತಿದ್ದ ಆ ಹಳೆಯ ಕಲ್ಲುಕಟ್ಟಡಕ್ಕೆ ಅವರು ಮ್ಯಾನೇಜರು.

ಗಣಿಯ ಅಬ್ಬರದ ಕಾಲ. ನನಗೆ ಹದಿನೇಳು. ಯಶವಂತನಗರದಲ್ಲಿ ಕಂಪನಿ ಬಸ್ ಓಡಿಸುತ್ತಿದ್ದ ಅಪ್ಪನಿಗೆ ಅದಿರಿನ ಲಾರಿ ಗುದ್ದಿ, ಹೊಸಪೇಟೆಯ ಆಸ್ಪತ್ರೆಗೆ ತಂದಿದ್ದರು. ನಾನೂ ಅವ್ವನೂ ನಮ್ಮೂರು ಎಮ್ಮಿಗನೂರಿನಿಂದ ಓಡಿ ಬಂದೆವು. ಲಾಡ್ಜುಗಳೆಲ್ಲ ಅದಿರು ಕೊಳ್ಳುವವರಿಂದ ತುಂಬಿದ್ದವು. ಖಾಲಿ ಇದ್ದಲ್ಲೂ ಗಂಡಸರಿಲ್ಲದೆ ಬಂದ ನಮಗೆ ಕೋಣೆ ಕೊಡಲಿಲ್ಲ. ಈ ಮ್ಯಾನೇಜರು ಮಾತ್ರ ಅವ್ವನ ಮುಖ ನೋಡಿ, "ಮೊದಲ ನೀರು ಕುಡೀರಿ ತಂಗಿ, ಹೆಸರು ಆಮ್ಯಾಲೆ ಬರ್ಕೊಂತೀನಿ" ಎಂದು ಮಹಡಿಯ ಕೊನೆಯ ಕೋಣೆ ತೆರೆದರು.

ಎಂಟನೆಯ ದಿನ ಗಣಿಯ ಧಣಿಯೊಬ್ಬ ಮಹಡಿ ಪೂರ್ತಿ ಬೇಕೆಂದ. ಮಾಲೀಕರು ಫೋನಿನಲ್ಲಿ ಕೂಗಾಡುವುದು ನಮಗೂ ಕೇಳಿಸಿತು. ಮ್ಯಾನೇಜರು ಎದುರಾಡಲಿಲ್ಲ. ನಮ್ಮ ಚೀಲ ಹೊತ್ತು ತಂದು, ಕೌಂಟರಿನ ಹಿಂದಿದ್ದ ತಮ್ಮ ಖೋಲಿಯಲ್ಲಿಟ್ಟರು. ಅಂದಿನಿಂದ ಅವರ ಹಾಸಿಗೆ ಹೊರಗಿನ ಬೆಂಚಿಗೆ ಬಂತು.

ಮಧ್ಯಾಹ್ನ ಅಪ್ಪನಿಗೆ ಗಂಜಿ ಒಯ್ಯುತ್ತಿದ್ದವರು ಅವರೇ. ಒಂದು ದಿನ ಮರಳಿ ಬಂದಾಗ, ಅವ್ವ ಬಟ್ಟೆಬರೆ ತರಲೆಂದು ಊರಿಗೆ ಹೊರಟಿದ್ದಳು.

"ಇವತ್ತು ಹೋಗಬ್ಯಾಡ್ರಿ ತಂಗಿ."

"ಸುಧಾರಿಸ್ಯಾರ ಅಂದ್ರಲ್ಲಣ್ಣ ಡಾಕ್ಟ್ರು?"

"ನನ್ನ ಹೆಂಡತಿಗೂ ಹಂಗ ಅಂದಿದ್ರು. ನಾ ಇಲ್ಲೇ ಕೌಂಟರಿನ್ಯಾಗ ಕುಂತಿದ್ದೆ. ಹೋಗಬ್ಯಾಡ್ರಿ."

ಅಂದು ಸಂಜೆಯೇ ಅಪ್ಪ ತೀರಿಕೊಂಡ. ಅವನ ಕೈ ಅವ್ವನ ಕೈಯಲ್ಲಿತ್ತು. ಮ್ಯಾನೇಜರು ಗಾಡಿ ಗೊತ್ತುಮಾಡಿ ಊರಿಗೂ ಬಂದರು, ಮಣ್ಣಾಗುವ ತನಕ ನಿಂತು, ಯಾರಿಗೂ ಹೇಳದೆ ಬಸ್ ಹತ್ತಿ ಹೋದರು.

ನರ್ಸ್ ಕೆಲಸ ಸಿಕ್ಕ ವರ್ಷ ಅವರನ್ನು ನೋಡಲು ಹೋದೆ. ಲಾಡ್ಜಿನ ಮುಂಭಾಗ ಒಡೆದು ಗಾಜು ಕೂರಿಸಿದ್ದರು. ಕೌಂಟರಿನಲ್ಲಿದ್ದವನು, "ಅವರನ್ನ ತೆಗೆದು ಭಾಳ ದಿನ ಆತು" ಎಂದು ಮಲಪನಗುಡಿಯ ಮನೆಯ ಗುರುತು ಹೇಳಿದ.

ಅಲ್ಲಿ ಅವರ ಸೊಸೆ ಕಟ್ಟೆಯ ಮೇಲೆ ಅಕ್ಕಿ ಕೇರುತ್ತಿದ್ದಳು.

"ಮಾವನೋರು ತೀರ್ಕೊಂಡು ಹನ್ನೊಂದು ದಿನ ಆತ್ರಿ. ಲಾಡ್ಜಿನ ಕೆಲಸ ಹೋದಮ್ಯಾಲೆ ಅದಿರಿನ ಯಾರ್ಡ್ ಕಾಯಾಕ ಹೊಂಟ್ರು. ಆ ಧೂಳಾಗ ಕೆಮ್ಮು ಹತ್ತಿತು, ಬಿಡಲಿಲ್ಲ." ಆಮೇಲೆ ಕೇಳಿದಳು, "ಅವರು ನಿಮಗ ಏನಾಗಬೇಕ್ರಿ?"

"ಒಮ್ಮೆ ಅವರ ಲಾಡ್ಜಿನ್ಯಾಗ ಇಳಕೊಂಡಿದ್ವಿ" ಎಂದೆ.

"ಯಾರನ್ನೋ ತಮ್ಮ ಖೋಲ್ಯಾಗ ಇಟ್ಕೊಂಡ್ರು ಅಂತ ಮಾಲಕ ಕೆಲಸ ಬಿಡಿಸಿದ್ನಂತ. ಎಷ್ಟ್ ಕೇಳಿದ್ರೂ ಯಾರು ಅಂತ ಹೇಳಲೇ ಇಲ್ಲ."

"ನಾವ ರೀ ಅವರು" ಎಂದೆ.

ಆಕೆ ಮೊರ ಕೆಳಗಿಟ್ಟಳು. ಬೈಯಲಿ ಎಂದೇ ನಾನು ನಿಂತಿದ್ದೆ. ಆಕೆ ಕಟ್ಟೆಯಿಂದೆದ್ದು, ಬಾಗಿಲು ಪೂರ್ತಿ ತೆರೆದು, "ಒಳಗ ಬರ್ರಿ" ಎಂದಳು.