ಧರ್ಮಕ್ಕೆ ಮಾಡಿಕೊಟ್ಟ ಹಾರ್ಮೋನಿಯಂ ರಿಪೇರಿ

ಕೋಟದ ನಮ್ಮ ಮನೆಯ ಚಾವಡಿಯಲ್ಲಿ ಕೂತು ನಾನು ಊರವರ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದೆ. ಯಾರೂ ಕಲಿಸಿದ ವಿದ್ಯೆಯಲ್ಲ. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ನನ್ನದೇ ಹಾರ್ಮೋನಿಯಂ ಪೆಟ್ಟಿಗೆಯನ್ನು ಬಿಚ್ಚಿ, ಕೆಡಿಸಿ, ಮತ್ತೆ ಸರಿಮಾಡಿ ಕಲಿತದ್ದು. ಹಾಗಾಗಿ ಯಾರ ಹತ್ತಿರವೂ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ.

ಒಮ್ಮೆ ಬೈಂದೂರಿನ ಕಡೆ ಭಜನೆ ಹಾಡುವ ಹೆಂಗಸೊಬ್ಬರು ತಮ್ಮ ತಂದೆಯ ಕಾಲದ ಹಾರ್ಮೋನಿಯಂ ತಂದರು. ಒಂದು ಸ್ವರ ಹೊರಡುತ್ತಲೇ ಇರಲಿಲ್ಲ. ಬಿಚ್ಚಿ ನೋಡಿದರೆ ಆ ಸ್ವರ ಹೊರಡಿಸುವ ಹಿತ್ತಾಳೆಯ ತೆಳು ಪಟ್ಟಿಗೆ, ಅಂದರೆ ರೀಡಿಗೆ, ಕಿಲುಬು ಹಿಡಿದಿತ್ತು. ಉಜ್ಜಿ ಕೂರಿಸಿದೆ. ವಾರ ಬಿಟ್ಟು ಅವರು ಬಂದರು.

"ಎಷ್ಟ್ ಆಯ್ತ್ ಮಾಷ್ಟ್ರೆ?"

"ಎಂತದೂ ಬ್ಯಾಡ."

ಅವರ ಮುಖ ಬಿಗಿಯಿತು. ಆ ಸ್ವರವನ್ನು ಒತ್ತಿದರು, ಮತ್ತೆ ಮತ್ತೆ ಒತ್ತಿದರು. "ಹಿಂಗೇ ಧರ್ಮಕ್ಕೆ ಮಾಡಿ ಕೊಟ್ಟವ್ರೊಬ್ರ್ ನಮ್ ಅಕ್ಕನ ಪೆಟ್ಗಿಯಿಂದ ಒಳ್ಳೆ ಹಳೆ ರೀಡ್ ತೆಗ್ದ್ ಕಳಪೆ ಹೊಸ್ತ್ ಹಾಕಿರ್. ಸಿಟ್ಟ್ ಮಾಡ್ಬ್ಯಾಡಿ, ಒಂದ್ಸಲ ಬಿಚ್ಚಿ ತೋರ್ಸಿ."

ಸಿಟ್ಟು ಬಂದೇ ಬಂತು. ಆದರೂ ಬಿಚ್ಚಿದೆ. ಸಾಲಾಗಿ ಮಂಕಾಗಿದ್ದ ರೀಡುಗಳ ನಡುವೆ ಒಂದು ಮಾತ್ರ ಥಳಥಳ ಹೊಳೆಯುತ್ತಿತ್ತು.

"ಹ್ವಾಯ್, ಇದ್ ನಮ್ದಲ್ಲ!"

ಬಾಯಿಮಾತಲ್ಲಿ ನಂಬಿಸುವಂತಿರಲಿಲ್ಲ. ಪಕ್ಕದ ರೀಡನ್ನು ಅವರ ಕಣ್ಣೆದುರೇ ಉಜ್ಜಿದೆ. ಅದೂ ಹಾಗೆಯೇ ಹೊಳೆಯಿತು. ಎರಡರ ಮೇಲೂ ತಯಾರಕರ ಒಂದೇ ಹಳೆಯ ಮುದ್ರೆ. ಅವರು ಎರಡನ್ನೂ ಬೆಳಕಿಗೆ ಹಿಡಿದು ನೋಡಿ, ಪರ್ಸಿನಿಂದ ಇನ್ನೂರು ರೂಪಾಯಿ ತೆಗೆದಿಟ್ಟರು.

"ಇದ್ ತಕಣಿ. ಧರ್ಮಕ್ಕೆ ಮಾಡಿದ್ ಹಾಳಾರೆ ಕೇಂಬುಕಾತಿಲ್ಲ. ದುಡ್ ಕೊಟ್ರೆ ಕೇಂಬ್ಲಕ್."

ತೆಗೆದುಕೊಂಡೆ. ಅವರು ಹೋದ ಮೇಲೆ, ದುಡ್ಡು ಕೊಟ್ಟರೆ ಮಾತ್ರ ಕೇಳಬಹುದು ಎಂಬ ಆ ಮಾತು ಚುಚ್ಚತೊಡಗಿತು. ಕೆಲವು ತಿಂಗಳ ಹಿಂದೆ ಕೊಕ್ಕರ್ಣೆಯ ಕೃಷಿಕರೊಬ್ಬರ ಹಾರ್ಮೋನಿಯಂ ರೀಡನ್ನು ಅರದಿಂದ ಉಜ್ಜಿ ಶ್ರುತಿ ಸರಿಮಾಡುವಾಗ ಕೈ ಜಾರಿ ಒಂದು ಸ್ವರ ತುಸು ಇಳಿದುಹೋಗಿತ್ತು. ಅವರಿಗೆ ಹೇಳದೆ ಹಾಗೇ ಕೊಟ್ಟಿದ್ದೆ. ದುಡ್ಡೇನೂ ತೆಗೆದುಕೊಂಡಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ನಾನು ಎಲ್ಲರಿಗೂ ದುಡ್ಡು ಬೇಡ ಎನ್ನುತ್ತಿದ್ದದ್ದು ಕೆಲಸ ಕೆಟ್ಟರೂ ಯಾರೂ ಕೇಳಬಾರದೆಂದೇ ಇರಬಹುದೇ ಎಂದು ಮೊದಲ ಸಲ ನನ್ನ ಮೇಲೆ ನನಗೇ ಅನುಮಾನ ಬಂತು.

ಆ ಭಾನುವಾರ ಬಸ್ಸು ಹತ್ತಿ ಕೊಕ್ಕರ್ಣೆಗೆ ಹೋದೆ. ಆ ಕೃಷಿಕರು ಬಾಗಿಲಲ್ಲೇ ನಿಂತು ನನ್ನ ಸಲಕರಣೆಗಳ ಕೈಚೀಲವನ್ನು ನೋಡಿದರು.

"ಕರೀದೇ ಬಂದ್ರಿ? ಈಗ ದುಡ್ ಕೇಂಬುಕಾ?"

"ಅಲ್ಲ. ನಾನೇ ಒಂದ್ ಸ್ವರ ಹಾಳ್ ಮಾಡಿದ್ದೆ. ಸರಿ ಮಾಡುಕ್ ಬಂದೆ."

ಅವರು ಒಳಗೆ ಹೋಗಿ ಹಾರ್ಮೋನಿಯಂ ತಂದಿಟ್ಟರು. ಕೆಲಸ ಮುಗಿಯುವವರೆಗೆ ಎದುರೇ ಕೂತು ನನ್ನ ಬೆರಳುಗಳ ಮೇಲೇ ಕಣ್ಣಿಟ್ಟಿದ್ದರು.