ಯಾರಿಗೂ ಬೇಡವಾದ ಗ್ರೈಂಡರ್

ನಾವು ದೇಶ ಬಿಡುತ್ತಿದ್ದೇವೆ ಎಂಬ ಸುದ್ದಿ ನನಗೆ ತಿಳಿದದ್ದು ಹಡರ್ಸ್‌ಫೀಲ್ಡ್‌ನಿಂದ. ಅಲ್ಲಿರುವ ಧಾರವಾಡದ ಗೆಳತಿ ಫೋನ್ ಮಾಡಿ, "ಏನ್ರೀ, ಒಂದ್ ಮಾತೂ ಹೇಳದ ಹೊಂಟೇಬಿಟ್ರಿ?" ಎಂದಳು. ನಾನು ಇಂಗ್ಲೆಂಡಿನ ಸೊಲಿಹಲ್‌ನ ನಮ್ಮ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಎಲ್ಲಿಗೆ ಎಂದು ಕೇಳಿದೆ. "ಫೋನಿನ್ಯಾಗ ನಮ್ಮ ಕನ್ನಡದವ್ರ ಗ್ರೂಪ್ ನೋಡ್ರಿ. ಗ್ರೈಂಡರ್ ಕೊಡ್ತೀವಿ ಅಂತ ನಿಮ್ಮನಿಯವ್ರು ಹಾಕ್ಯಾರ."

ಇಲ್ಲಿನ ನಮ್ಮ ಕನ್ನಡದವರ ನಡುವೆ ಇದಕ್ಕಿಂತ ಬಿಡಿಸಿ ಹೇಳಬೇಕಾದ್ದೇನೂ ಇಲ್ಲ. ಯಾರೋ ಪುಣ್ಯಾತ್ಮರು ಎಂದೋ ಬೆಂಗಳೂರಿನಿಂದ ತರಿಸಿದ್ದ, ದೋಸೆಹಿಟ್ಟು ರುಬ್ಬುವ ಆ ಭಾರದ ಕಲ್ಲಿನ ಗ್ರೈಂಡರ್ ಮನೆಯಿಂದ ಮನೆಗೆ ಸಾಗುತ್ತ ಬಂದಿದೆ. ದೇಶ ಬಿಟ್ಟು ಹೋಗುವವರು ಹೊಸದಾಗಿ ಬಂದ ಸಂಸಾರಕ್ಕೆ ಅದನ್ನು ಕೊಡಬೇಕು. ಖಾಲಿ ಕೊಡಬಾರದು, ಒಳಗೆ ಉದ್ದಿನಬೇಳೆ ಹಾಕಿ ಕೊಡಬೇಕು. ನಮಗೆ ಕೊಟ್ಟವರು ಕೆನಡಾಕ್ಕೆ ಹೋದರು.

ಸಂಜೆ ಇವರು ಬಂದರು. ಬೂಟು ಬಿಚ್ಚುವುದಕ್ಕೂ ಬಿಡಲಿಲ್ಲ ನಾನು.

"ಆಸ್ಟ್ರೇಲಿಯಾದಲ್ಲಿ ಕೆಲಸ ಸಿಕ್ತು, ಪರ್ತ್‌ನ ಕಂಪನಿಯವರಿಗೆ ಹೂಂ ಅಂದುಬಿಟ್ಟೆ ಕಣೇ. ನಿನಗೆ ಹೇಳೋಕೆ ಹೆದರಿಕೆ ಆಯ್ತು."

"ಊರಿಗೆಲ್ಲ ಹೇಳೋಕೆ ಆಗ್ಲಿಲ್ವೇನ್ರೀ ಹೆದರಿಕೆ?"

ಇವರ ಕಾರ್ಖಾನೆಯಲ್ಲಿ ಕಾರಿನ ಬಿಡಿಭಾಗ ಮಾಡುತ್ತಾರೆ. ಮೊದಲು ರಾತ್ರಿ ಶಿಫ್ಟ್ ನಿಂತಿತು, ಆಮೇಲೆ ಮಧ್ಯಾಹ್ನದ್ದು. ಈಗ ಅರ್ಧ ಮಷೀನುಗಳಿಗೆ ಪ್ಲಾಸ್ಟಿಕ್ ಹೊದಿಸಿದ್ದಾರೆ; ಇಂಜಿನಿಯರ್ ಆದ ಇವರು ಅದರ ಧೂಳು ಹೊಡೆದು ಬರುತ್ತಾರೆ. ನಮ್ಮ ಬೀದಿಯ ಬ್ಯಾಂಕು ಬೆಟ್ಟಿಂಗ್ ಅಂಗಡಿಯಾಯಿತು, ಕೊನೆಗೆ ಅದಕ್ಕೂ ಬೀಗ ಬಿತ್ತು. ಇದೆಲ್ಲ ನನಗೆ ಕಾಣದ್ದಲ್ಲ. ಆದರೆ ಮಗಳು ಹುಟ್ಟಿದ್ದು ಇಲ್ಲಿ, ನಾನು ಬಸ್ಸಿನಲ್ಲಿ ಬಾಯಿ ಬಿಟ್ಟು ಇಂಗ್ಲಿಷ್ ಮಾತಾಡಲು ಕಲಿತದ್ದೂ ಇಲ್ಲಿ. ಇನ್ನೊಂದು ದೇಶದಲ್ಲಿ ಮತ್ತೆ ಮೊದಲಿನಿಂದ ಶುರುಮಾಡುವ ತ್ರಾಣ ನನ್ನಲ್ಲಿರಲಿಲ್ಲ.

ಸಿಟ್ಟಿನಲ್ಲೇ ಒಂದು ಷರತ್ತು ಹಾಕಿದೆ. "ಗ್ರೈಂಡರ್ ಅಂತ ತಾನೆ ಹಾಕಿದ್ದೀರಿ? ಅದನ್ನ ತಗೊಳ್ಳೋಕೆ ಒಂದು ಹೊಸ ಸಂಸಾರ ಬರ್ಲಿ, ಆವತ್ತು ಹೊರಡ್ತೀನಿ. ಬರದಿದ್ರೆ ನೀವೊಬ್ರೇ ಹೋಗಿ." ಒಂದೆರಡು ತಿಂಗಳಾದರೂ ಹೀಗೆ ತಳ್ಳಬಹುದು ಎಂದುಕೊಂಡಿದ್ದೆ. ಇವರು ಒಪ್ಪಿದರು. ವಾರದೊಳಗೆ ಯಾರಾದರೂ ಬಂದೇ ಬರುತ್ತಾರೆಂದು ಇವರಿಗೆ ಧೈರ್ಯ. ನಾವು ಬಂದ ಹೊಸದರಲ್ಲಿ ಇದಕ್ಕಾಗಿ ಜಗಳವೇ ಆಗುತ್ತಿತ್ತು.

ಯಾರೂ ಬರಲಿಲ್ಲ. ಲೀಡ್ಸ್‌ನಿಂದ ಫೋನ್ ಮಾಡಿದವರು ತಾವೇ ಮೈಸೂರಿಗೆ ವಾಪಸು ಹೊರಟಿದ್ದರು. ಮ್ಯಾಂಚೆಸ್ಟರ್‌ನವರು, ನಮ್ಮ ಸೋಫಾನೂ ನೀವೇ ತಗೊಳ್ಳಿ ಎಂದು ನಕ್ಕರು. ಬಂದದ್ದು ಒಬ್ಬಳೇ, ಬೀಸ್ಟನ್‌ನಲ್ಲಿ ಓದು ಮುಗಿಸಿದ್ದ ತುಮಕೂರಿನ ಹುಡುಗಿ. ಅವಳು ಬರುತ್ತಾಳೆಂದು ಹಿಟ್ಟು ರುಬ್ಬಿ ದೋಸೆ ಹುಯ್ದೆ.

"ಒಬ್ಳೇ ಆದ್ರೂ ಪರವಾಗಿಲ್ಲ, ತಗೊಂಡು ಹೋಗಮ್ಮ," ಎಂದೆ. ಷರತ್ತು ಹಾಕಿದವಳು ನಾನೇ, ಸಡಿಲಿಸಿದವಳೂ ನಾನೇ.

"ಬೇಡ ಆಂಟಿ. ವೀಸಾಗೆ ಸ್ಪಾನ್ಸರ್ ಮಾಡೋ ಒಂದು ಕಂಪನಿನೂ ಸಿಗ್ಲಿಲ್ಲ. ಮುಂದಿನ ತಿಂಗಳು ಊರಿಗೆ ಹೋಗ್ತಿದೀನಿ. ನಿಜ ಹೇಳ್ಬೇಕು ಅಂದ್ರೆ, ದೋಸೆ ತಿನ್ನೋಣ ಅಂತ ಬಂದೆ."

ಇನ್ನೆರಡು ಬಡಿಸಿದೆ. ಅವಳು ಹೋದ ಮೇಲೆ ತಟ್ಟೆ ತೊಳೆಯುತ್ತ ನಿಂತೆ. ಷರತ್ತಿನಲ್ಲಿ ನಾನು ಗೆದ್ದಿದ್ದೆ. ಆದರೆ ಹೊಸದಾಗಿ ಯಾರೂ ಕಾಲಿಡದ ಜಾಗದಲ್ಲಿ ಮಗಳನ್ನು ಇಟ್ಟುಕೊಂಡು ನಾನು ಏನು ಸಾಧಿಸಲು ಹೊರಟಿದ್ದೆ? ಒದ್ದೆ ಕೈಯಲ್ಲೇ ಹೋಗಿ, "ಮೂರೂ ಜನಕ್ಕೆ ಟಿಕೆಟ್ ಮಾಡಿಸಿ," ಎಂದೆ. ಇವರು ಆಗಲೇ ಫೋನ್ ತೆಗೆದು ಟಿಕೆಟ್ ಹುಡುಕತೊಡಗಿದರು.

ಹೊರಡುವ ಹಿಂದಿನ ದಿನ ಅದನ್ನು ಗೇಟಿನ ಹೊರಗಿಟ್ಟೆವು. ಯಾರು ಒಯ್ದರೂ ಸರಿ ಎಂದು, ಪದ್ಧತಿ ತಪ್ಪಬಾರದೆಂದು, ಒಳಗೆ ಉದ್ದಿನಬೇಳೆ ಸುರಿದಿದ್ದೆ. ಮಧ್ಯಾಹ್ನ ಗುಜರಿಯವನ ವ್ಯಾನು ಬಂತು. ನಾನು ಬಾಗಿಲು ತೆಗೆಯುವಷ್ಟರಲ್ಲಿ ಅವನು ಸ್ಟೀಲು, ಮೋಟಾರು ಕಿತ್ತುಕೊಂಡು ಹೊರಟಿದ್ದ. ಕಲ್ಲುಗಳು ಗೋಡೆಗೊರಗಿ ಬಿದ್ದಿದ್ದವು. ಬೇಳೆ ಫುಟ್‌ಪಾತಿನ ತುಂಬ ಚೆಲ್ಲಿತ್ತು.

"ಲೀವ್ ಇಟ್, ಅಮ್ಮ," ಎಂದಳು ಮಗಳು. ನಾನು ಪೊರಕೆ ತಂದು, ಅತ್ತುಕೊಂಡೇ ಗುಡಿಸಿದೆ.