ಹುಲಿ ಕಟ್ಟುವ ದೊಡ್ಡಮ್ಮನ ಜೊತೆ ಹೆಬ್ಬಾಳಕ್ಕೆ

ರಾಜಾನುಕುಂಟೆಯಿಂದ ಏಳೂವರೆಯ ಬಸ್ಸಿಗೆ ಹೊರಟೆವು. ಇಬ್ಬರೂ ಹೆಂಗಸರು, ಟಿಕೆಟ್ಟಿಗೆ ದುಡ್ಡು ಕೊಡಬೇಕಿರಲಿಲ್ಲ. ನನ್ನ ದೊಡ್ಡಮ್ಮ ಮುನಿಯಮ್ಮನಿಗೆ ಎಪ್ಪತ್ತು ದಾಟಿದೆ. ಹುಲಿ-ಕುರಿ ಆಟದಲ್ಲಿ, ಅಂದರೆ ಹದಿನೈದು ಕುರಿಕಲ್ಲುಗಳಿಂದ ಮೂರು ಹುಲಿಗಳನ್ನು ಅಲುಗದಂತೆ ಕಟ್ಟಿಹಾಕುವುದರಲ್ಲಿ, ನಮ್ಮ ಕಡೆ ಅವಳನ್ನು ಮೀರಿಸಿದವರಿಲ್ಲ. ನುರಿತ ಆಟಗಾರರಿಗೆ ಯೋಚಿಸುವ ಮೊದಲೇ ನಡೆ ಹೊಳೆಯುವುದು ಹೇಗೆಂದು ಹೆಬ್ಬಾಳದ ಪ್ರಯೋಗಾಲಯವೊಂದರಲ್ಲಿ ಮಿದುಳನ್ನು ಪರೀಕ್ಷಿಸುತ್ತಿದ್ದರು. ಅಲ್ಲಿಂದ ಕರೆ ಬಂದಿತ್ತು.

ದೊಡ್ಡಮ್ಮ ಒಪ್ಪಿದ್ದಕ್ಕೆ ಬೇರೆ ಕಾರಣವಿತ್ತು. ಈಚೆಗೆ ಅವಳಿಗೆ ಹೆಸರುಗಳು ಮರೆಯುತ್ತಿದ್ದವು. ಯಲಹಂಕದಲ್ಲಿ ಇಳಿದು ಇಡ್ಲಿ ತಿನ್ನುವಾಗ ಮೆಲ್ಲಗೆ ಕೇಳಿದಳು: "ನನ್ ತಲೆ ಓಗೈತೆ ಅಂತ ಆ ಮಿಸನ್ನು ಏಳ್ಬುಟ್ರೆ?"

ನಾನು ಎದ್ದು ಅವಳ ತಟ್ಟೆಗೆ ಇನ್ನಷ್ಟು ಚಟ್ನಿ ಹಾಕಿಸಿಕೊಂಡು ಬಂದೆ.

ಮೋಡ ಕವಿದಿತ್ತು. ಹೆಬ್ಬಾಳದ ಮೇಲ್ಸೇತುವೆ ಹತ್ತಿರ ಬಸ್ಸು ಮುಕ್ಕಾಲು ಗಂಟೆ ತೆವಳಿತು. ಸಂಶೋಧಕಿ ವೀಣಾ ಬಾಗಿಲಲ್ಲೇ ಕಾಯುತ್ತಿದ್ದರು, ಹಾವೇರಿಯವರು. ತಂತಿಗಳ ಟೋಪಿ ಹಿಡಿದು ಬಂದವರು ದೊಡ್ಡಮ್ಮನ ತಲೆ ಮುಟ್ಟಿ ನಕ್ಕರು.

"ಎಣ್ಣಿ ಹಚ್ಚಿದ್ರ ಇದು ಹಿಡಿಯಂಗಿಲ್ರಿ ಅಮ್ಮಾರ. ಬರ್ರಿ, ತಲಿ ತೊಳೀತೀನಿ."

ಕೈತೊಳೆಯುವ ಸಿಂಕಿನಲ್ಲಿ ತಾವೇ ಶಾಂಪೂ ಹಾಕಿ ತಿಕ್ಕಿದರು.

ಪರದೆಯ ಮೇಲೆ ಆಟದ ಚಿತ್ರವೊಂದು ಕ್ಷಣಕಾಲ ಮೂಡಿ ಮಾಯವಾಗುತ್ತಿತ್ತು. ದೊಡ್ಡಮ್ಮ ತಡವರಿಸದೆ ನಡೆ ತೋರಿಸುತ್ತಿದ್ದಳು. ಕೆಲವು ಚಿತ್ರಗಳಿಗೆ ಮಾತ್ರ ಸಿಡುಕಿದಳು. "ಇದ್ಯಾರವ್ವ ಇಟ್ಟಿದ್ದು? ಆಡ್ದೋರು ಇಂಗ್ ಇಕ್ಕಲ್ಲ."

ವೀಣಾ ಕುರ್ಚಿಯಿಂದ ಎದ್ದೇಬಿಟ್ಟರು. ಆ ಕಲ್ಲುಗಳನ್ನು ಜೋಡಿಸಿದ್ದು ಕಂಪ್ಯೂಟರು, ಹೋಲಿಸಿ ನೋಡಲೆಂದು ಬೇಕಾಬಿಟ್ಟಿಯಾಗಿ.

ಟೋಪಿ ತೆಗೆದ ಕೂಡಲೇ ದೊಡ್ಡಮ್ಮ ಕೇಳಿದಳು. "ನನ್ ತಲೆ ಎಂಗೈತವ್ವ?"

"ಮರೆವಿಗೆ ಡಾಕ್ಟರ್‌ಗೆ ತೋರಿಸ್ಬೇಕ್ರಿ, ಇದರಾಗ ಗೊತ್ತಾಗಂಗಿಲ್ಲ. ಆದ್ರ ನಿಮ್ಮ ಆಟ ಎಲ್ಲೂ ಹೋಗಿಲ್ರಿ."

"ಅಂಗಾರೆ ಕೂತ್ಕೊ, ಒಂದಾಟ ಆಡಾನ."

ಮರದ ಹಲಗೆ ಬಂತು. ವೀಣಾ ಹುಲಿಯ ಪಕ್ಷ ವಹಿಸಿದರು, ದೊಡ್ಡಮ್ಮ ಕುರಿಯದು. ಇಪ್ಪತ್ತು ನಿಮಿಷದಲ್ಲಿ ಮೂರೂ ಹುಲಿಗಳು ಅಲುಗಾಡದಂತಾದವು.

"ನಾ ಎಲ್ಲಿಗೆ ಹೋಗ್ತೀನಂತ ಹೆಂಗ ಗೊತ್ತಾತ್ರಿ?"

"ಉಲಿ ಓಗಾಕ್ ಮುಂಚೆ ನಿನ್ ಬೆರಳು ಓಯ್ತದೆ ಕಣವ್ವ. ನಿನ್ ಚಿತ್ರದಾಗೆ ಬೆರಳೇ ಇರ್ನಿಲ್ಲ."

ವೀಣಾ ಅದನ್ನು ಬರೆದುಕೊಂಡರು. ದೊಡ್ಡಮ್ಮ ಒದ್ದೆ ಕೂದಲನ್ನು ಗಂಟು ಕಟ್ಟುತ್ತ ನನಗೆಂದಳು: "ನಾಳೀಕೆ ಡಾಕ್ಟ್ರತ್ರಾನೂ ಓಗಿ ಬರಾನ. ಎದ್ರಿಕೆ ಇಲ್ಲ."

ಎರಡು ಗಂಟೆಯ ಬಸ್ಸಿಗೆ ಹೊತ್ತಾಗಿತ್ತು. ಬಾಗಿಲಲ್ಲಿ ತಿರುಗಿ ನೋಡಿದೆ. ವೀಣಾ ಹುಲಿಯನ್ನು ಒಂದು ನಡೆ ಹಿಂದಕ್ಕಿಟ್ಟು, ಕೈಯನ್ನು ಹಲಗೆಯ ಮೇಲೆ ಹಿಡಿದು, ತಮ್ಮ ಬೆರಳು ಎತ್ತ ಹೋಗುತ್ತದೆಂದು ಕಾಯುತ್ತ ಕೂತಿದ್ದರು.